ಫೇಲ್ ಆಗುವ ಟೆಸ್ಟನ್ನು ಬಾಯಿ ಮುಚ್ಚಿಸಬೇಡ

ಪ್ರೀತಿಯ ಪುಟ್ಟಾ,

ಟೀಮಿನಲ್ಲಿ ಕೋಡ್ ಸರಿಯಿದೆಯಾ ಅಂತ ತಾನಾಗೇ ಪರೀಕ್ಷಿಸುವ ಒಂದಷ್ಟು ಟೆಸ್ಟ್‌ಗಳು ತಿಂಗಳುಗಳಿಂದ ಫೇಲ್ ಆಗುತ್ತಲೇ ಇವೆ, ಓಡದ ಹಾಗೆ ಕಮೆಂಟ್ ಮಾಡಿಬಿಡಲಾ ಅಂತ ಕೇಳಿದ್ದೀಯ. ಬೇಡ. ಫೇಲ್ ಆಗುತ್ತಾ ಹಾಗೇ ಕೆಂಪಾಗಿ ಬಿಡುವುದೂ ಬೇಡ.

ದಿನಾ ಐದು ಫೇಲ್ ಕಾಣುವ ಕಡೆ ಆರನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಐದೇ ಇದ್ದರೂ ಅವು ನಿನ್ನೆಯ ಐದೇ ಅಂತ ಏನು ಖಾತ್ರಿ? ಹಳೆಯದೊಂದು ಸರಿಹೋಗಿ ಹೊಸದೊಂದು ಕೆಟ್ಟಿರಬಹುದು. ಇನ್ನು ಕಮೆಂಟ್ ಮಾಡಿದರೆ ಬಗ್, ಅಂದರೆ ಕೋಡಿನಲ್ಲಿ ತಪ್ಪು, ಇದೆ ಅನ್ನುವುದೇ ಮರೆತುಹೋಗುತ್ತದೆ. ಸ್ಕಿಪ್ ಮಾಡಿದರೂ ಹೆಚ್ಚುಕಡಿಮೆ ಅದೇ ಕಥೆ, ಟೆಸ್ಟ್ ಓಡುವುದೇ ಇಲ್ಲ ಅಲ್ವಾ? ವಿಂಡೋಸ್‌ಗೆ ಮಾತ್ರ ಬೇಕಾದ ಟೆಸ್ಟನ್ನು ಲಿನಕ್ಸ್‌ನಲ್ಲಿ ಬಿಡುವಂಥ ಕೆಲಸಕ್ಕೆ ಸ್ಕಿಪ್ ಸರಿ.

ಪೈಥಾನ್ ಕೋಡಿನ ಟೆಸ್ಟ್ ಓಡಿಸಲು ನೀವು ಪೈಟೆಸ್ಟ್ ಬಳಸುತ್ತೀರಿ ಅಂದೆಯಲ್ಲ, ಅದರಲ್ಲಿ ಎಕ್ಸ್‌ಫೇಲ್ ಅಂತ ಒಂದು ಗುರುತು ಇದೆ, ಈ ಟೆಸ್ಟ್ ಫೇಲ್ ಆಗುವುದು ಗೊತ್ತೇ ಇದೆ ಅಂತ ಅರ್ಥ. ಟೆಸ್ಟ್ ಓಡುತ್ತದೆ, ಫೇಲ್ ಆದರೂ ಬಿಲ್ಡ್, ಅಂದರೆ ಎಲ್ಲ ಟೆಸ್ಟ್ ಸೇರಿದ ಒಟ್ಟು ಓಟ, ಹಸಿರಾಗೇ ಇರುತ್ತದೆ. ಆದರೆ ಸುಮ್ನೆ ಎಕ್ಸ್‌ಫೇಲ್ ಹಾಕಿದರೆ ಸಾಲದು. ಯಾರೋ ಬಗ್ ಸರಿಮಾಡಿ ಟೆಸ್ಟ್ ಪಾಸಾಯಿತು ಅಂದುಕೋ. ರಿಪೋರ್ಟಿನ ಮೂಲೆಯಲ್ಲಿ ಎಕ್ಸ್‌ಪಾಸ್ ಅಂತ ಬರುತ್ತದೆ, ಅಷ್ಟೇ. ಅದನ್ನು ಓದುವವರು ಯಾರು? ಅದಕ್ಕೇ ಆ ಗುರುತಿನಲ್ಲಿರುವ ಸ್ಟ್ರಿಕ್ಟ್ ಅನ್ನುವ ಆಯ್ಕೆಯನ್ನು ಟ್ರೂ ಮಾಡು. ಆಗ ಪಾಸಾದ ದಿನವೇ ಬಿಲ್ಡ್ ಒಡೆಯುತ್ತದೆ, ಗುರುತು ತೆಗೆಯದೆ ವಿಧಿಯಿಲ್ಲ. ಪೈಥಾನಿನ ಜೊತೆಗೇ ಬರುವ ಟೆಸ್ಟ್ ಸಾಧನ ಯೂನಿಟ್‌ಟೆಸ್ಟ್‌ನ ಎಕ್ಸ್‌ಪೆಕ್ಟೆಡ್‌ಫೇಲ್ಯೂರ್ ಗುರುತು ಕೂಡ ಪೈಥಾನಿನ 3.4ನೇ ಆವೃತ್ತಿಯಿಂದ ಹೀಗೇ ನಡೆಯುತ್ತದೆ. ಆದರೆ ಅದರಲ್ಲಿ ಕಾರಣ ಬರೆಯಲು ಜಾಗವೇ ಇಲ್ಲ, ನನಗೆ ಅದೊಂದು ಬೇಸರ.

ಎಕ್ಸ್‌ಫೇಲ್‌ನಲ್ಲಿ ರೈಸಸ್ ಅನ್ನುವ ಇನ್ನೊಂದು ಆಯ್ಕೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಮ್ಮ ಬಗ್‌ನಿಂದ ಬರುವುದು ವ್ಯಾಲ್ಯೂಎರರ್ ಅನ್ನುವ ಎರರ್ ಅಂದುಕೋ. ಮುಂದೊಂದು ದಿನ ಯಾರೋ ಫಂಕ್ಷನ್ ಹೆಸರು ಬದಲಿಸುತ್ತಾರೆ, ಟೆಸ್ಟ್ ಬೇರೆಯದೇ ಆದ ಆಟ್ರಿಬ್ಯೂಟ್‌ಎರರ್‌ನಿಂದ ಬೀಳತೊಡಗುತ್ತದೆ. ಬರೀ ಎಕ್ಸ್‌ಫೇಲ್‌ಗೆ ಎರಡೂ ಒಂದೇ, ಎರಡನ್ನೂ ನುಂಗುತ್ತದೆ. ಯಾವ ಎರರ್ ಬರಬೇಕು ಅಂತ ರೈಸಸ್‌ನಲ್ಲಿ ಹೇಳಿದರೆ, ಬೇರೆ ಎರರ್ ಬಂದಾಗ ನಿಜವಾಗಿಯೇ ಫೇಲ್ ತೋರಿಸುತ್ತದೆ.

ಎಕ್ಸ್‌ಫೇಲ್‌ನಲ್ಲಿ ಕಾರಣಕ್ಕೆ ಅಂತಲೇ ಇರುವ ರೀಸನ್‌ನಲ್ಲಿ ಬಗ್‌ನ ಟಿಕೆಟ್ ನಂಬರ್ ಬರೆ. "ಆಮೇಲೆ ನೋಡೋಣ" ಅಂತ ಬರೆದದ್ದನ್ನು ಆಮೇಲೆ ಯಾರೂ ನೋಡುವುದಿಲ್ಲ.

ಒಮ್ಮೆ ಪಾಸು, ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳಿಗೆ ಇದು ಮದ್ದಲ್ಲ. ಸ್ಟ್ರಿಕ್ಟ್ ಹಾಕಿದರೆ ದಿನ ಬಿಟ್ಟು ದಿನ ಬಿಲ್ಡ್ ಒಡೆಯುತ್ತದೆ, ತೆಗೆದರೆ ಏನೂ ಗೊತ್ತಾಗುವುದಿಲ್ಲ. ಅಂಥವನ್ನು ಪ್ರತ್ಯೇಕವಾಗಿ ಓಡುವ ಬೇರೆ ಜಾಬ್‌ಗೆ ಹಾಕಿ, ಟೈಮಿಂಗೋ ನೆಟ್‌ವರ್ಕೋ ಮತ್ತೊಂದು ಟೆಸ್ಟ್ ಉಳಿಸಿಹೋದ ಡೇಟಾವೋ ಅಂತ ಹುಡುಕಬೇಕು.

ಕೆಲವು ಕಡೆ ಕೋಡ್ ಸರಿಯಿದ್ದು ಟೆಸ್ಟೇ ಹಳೆಯದಾಗಿರುತ್ತದೆ. ಅದಕ್ಕೆ ಯಾವ ಗುರುತೂ ಬೇಡ, ಟೆಸ್ಟನ್ನು ತಿದ್ದು ಇಲ್ಲವೇ ಅಳಿಸು. ಅಳಿಸುವ ಮುಂಚೆ ಬರೆದವರು ಟೀಮಿನಲ್ಲಿದ್ದರೆ ಒಂದು ಮಾತು ಕೇಳು. ಎಲ್ಲ ಬದಲಾವಣೆಯನ್ನೂ ಒಂದೇ ಕಮಿಟ್‌ಗೆ, ಅಂದರೆ ಒಂದೇ ಸಲ ಸೇರಿಸುವ ಕಟ್ಟಿಗೆ, ತುರುಕಬೇಡ, ರಿವ್ಯೂ ಮಾಡುವವರು ಓದದೇ ಒಪ್ಪಿಬಿಡುತ್ತಾರೆ. ಮೊದಲು ಎರಡು ಮೂರು ಮಾಡಿ ಕಳಿಸು.

ನಿನ್ನ ಚಿಕ್ಕಮ್ಮ