ಕಣ್ಣುರಿಗೆ ಸ್ಟೀರಾಯ್ಡ್ ಹನಿ: ಕಡಿವಾಣ ಬೇಕು

ಮಾನ್ಯರೇ,

ಬೆಂಗಳೂರಿನ ಹಲವು ಔಷಧ ಅಂಗಡಿಗಳಲ್ಲಿ ಕಣ್ಣುರಿ ಎಂದವರಿಗೆ ವೈದ್ಯರ ಚೀಟಿ ಕೇಳದೆಯೇ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಬೆರೆತ ಹನಿ ಕೊಡುತ್ತಿರುವುದು ಆತಂಕಕಾರಿ. ಕೆಂಪು ಬೇಗ ಇಳಿಯುವುದರಿಂದ ಜನ ಅದನ್ನೇ ಮತ್ತೆ ಮತ್ತೆ ಕೊಳ್ಳುತ್ತಾರೆ. ವಾರಗಟ್ಟಲೆ ಬಳಸಿದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ) ಬರಬಹುದು. ನೋವೇ ಇಲ್ಲದೆ ದೃಷ್ಟಿ ಕುಗ್ಗುತ್ತದೆ, ಹೋದ ದೃಷ್ಟಿ ಮರಳದು.

ದಿನವಿಡೀ ಎ.ಸಿ. ಗಾಳಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರ ಉರಿಗೆ ಹಲವು ಬಾರಿ ಕಾರಣ ಕಣ್ಣಿನ ಶುಷ್ಕತೆ. ಪರದೆ ನೋಡುವಾಗ ರೆಪ್ಪೆ ಮಿಟುಕುವುದು ತೀರಾ ಕಡಿಮೆಯಾಗುತ್ತದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳ ಎಣ್ಣೆ ಗಟ್ಟಿಯಾದರಂತೂ ಕಣ್ಣೀರು ಬೇಗ ಆರಿಹೋಗುತ್ತದೆ. ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಗಳ ಮೇಲೆ 5ರಿಂದ 10 ನಿಮಿಷ ಇಟ್ಟು (ತಣ್ಣಗಾದಂತೆ ಮತ್ತೆ ಅದ್ದಬೇಕು), ಬಳಿಕ ರೆಪ್ಪೆಯಂಚನ್ನು ಮೆಲ್ಲಗೆ ನೀವಿದರೆ ಆ ಎಣ್ಣೆ ಕರಗಿ ಹರಿಯುತ್ತದೆ. ಕೃತಕ ಕಣ್ಣೀರಿನ ಹನಿ ದಿನಕ್ಕೆ 4 ಸಲಕ್ಕಿಂತ ಹೆಚ್ಚು ಬೇಕಾದವರು ಸಂರಕ್ಷಕ ರಾಸಾಯನಿಕವಿಲ್ಲದ್ದನ್ನೇ ಆರಿಸಿಕೊಳ್ಳಬೇಕು. ಹಲವು ಹನಿಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಪದೇ ಪದೇ ತಾಗಿದರೆ ಕಣ್ಣಿನ ಮೇಲ್ಪದರಕ್ಕೇ ಹಾನಿ.

ಔಷಧ ನಿಯಂತ್ರಣ ಅಧಿಕಾರಿಗಳು ಅಂಗಡಿಗಳ ಮಾರಾಟ ದಾಖಲೆ ಪರಿಶೀಲಿಸಿ, ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ಮಾರುವುದನ್ನು ಕೂಡಲೇ ತಡೆಯಲಿ.

– ಓದುಗರು, ಬೆಂಗಳೂರು