ಸೊಪ್ಪಿನ ಬೆಟ್ಟ ಮತ್ತು ಮುಖತ್ಯಾರ ಪತ್ರ

ಚಿ. ಕೂಸಿಗೆ ಆಯಿಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದೆಲ್ಲ ಕೇಳಿಸಿತು. ಕೊನೆಗೌಡ ಅಂಗಳಕ್ಕೆ ಬಂದು ನಿಂತಿದ್ದ, ಅದಕ್ಕೇ "ಹೂಂ" ಅಂದು ಇಟ್ಟೆ. "ಆಯಿ, ಒಂದು ಜಿಪಿಎ ಮಾಡಿಸಿಡು, ಅಜ್ಜಿಗೆ ಬಂದ ಹಾಗೆ ನಿನಗೂ ಮರೆವು ಬಂದರೆ ಎಲ್ಲಾ ನಾನೇ ನೋಡಿಕೊಳ್ಳಬಹುದು" ಎಂದೆಯಲ್ಲ, ಶಿರಸಿ ಪೇಟೆಗೆ ಹೋದಾಗ ವಕೀಲರನ್ನು ಕೇಳಿ ಬಂದೆ. ನಿನ್ನ ಜಿಪಿಎ ಅಂದರೆ ನಮ್ಮ ಹಿರಿಯರ ಮುಖತ್ಯಾರ ಪತ್ರವೇ, ನಮ್ಮ ಬದಲು ವ್ಯವಹಾರ ನೋಡಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡುವುದು. ಮಾಡಿಸಿಕೊಡುತ್ತೇನೆ. ಆದರೆ ನೀನು ಯಾವ ಹೊತ್ತಿಗೆಂದು ಕೇಳಿದೆಯೋ, ಆ ಹೊತ್ತಿಗೇ ಅದು ಕೈಕೊಡುತ್ತದೆ.

1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಬರೆದುಕೊಟ್ಟವರು ತೀರಿಕೊಂಡರೂ, ಬುದ್ಧಿ ಸ್ವಾಧೀನ ತಪ್ಪಿದರೂ ಅಧಿಕಾರ ಅಲ್ಲಿಗೇ ಮುಗಿಯಿತು. ಇಂಗ್ಲೆಂಡಿನಲ್ಲಿ ಮರೆವು ಬಂದ ಮೇಲೂ ನಡೆಯುವ ಪತ್ರ ಇದೆಯಂತೆ. ನಮ್ಮಲ್ಲಿ ಇಲ್ಲ.

ಕೆಳಗಿನ ಮನೆಯಲ್ಲಿ ಆದದ್ದು ನಿನಗೆ ಗೊತ್ತಿಲ್ಲ. ಯಜಮಾನರಿಗೆ ಪಾರ್ಶ್ವವಾಯು ಬಡಿದು ಹೆಂಡತಿಯ ಗುರುತೂ ಸಿಗದ ಹಾಗಾಯಿತು. ಮಗ ಮುಖತ್ಯಾರ ಪತ್ರ ಹಿಡಿದು ಬ್ಯಾಂಕಿಗೆ ಹೋದ. ಮ್ಯಾನೇಜರರು "ಅಪ್ಪ ಹೇಗಿದ್ದಾರೆ?" ಎಂದು ಕೇಳಿದರು. ಪಾಪ, ಇದ್ದದ್ದು ಇದ್ದ ಹಾಗೆ ಹೇಳಿದ. ಪತ್ರ ತಿರುಗಿ ಅವನ ಕೈಗೇ ಬಂತು. ಇಂಥಲ್ಲಿ ಕೋರ್ಟೇ ಪಾಲಕರನ್ನು ನೇಮಿಸಬೇಕು. ಕೋಮಾದಲ್ಲಿದ್ದವರ ವಿಷಯದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ದಾರಿ ಹಾಕಿಕೊಟ್ಟಿದೆ. ನಿನಗೆ ಆ ಓಡಾಟ ಬೇಡವೆಂದು, ಆಸ್ಪತ್ರೆ ಖರ್ಚಿಗೆ ಬೇಕಾಗುವಷ್ಟನ್ನು ನಮ್ಮಿಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆಗೆ ಹಾಕುತ್ತೇನೆ.

ಹಾಗಾದರೆ ಮುಖತ್ಯಾರ ಪತ್ರ ಯಾಕೆ ಅಂತೀಯಾ? ನನ್ನ ಮಂಡಿಗೆ. ತಹಶೀಲ್ದಾರ ಕಚೇರಿಯ ಮೆಟ್ಟಿಲು, ಉತಾರದ ತಿದ್ದುಪಡಿ, ಬೆಳೆ ವಿಮೆ, ಸೊಸೈಟಿಯ ಅಡಿಕೆ ಲೆಕ್ಕ, ಇವಕ್ಕೆಲ್ಲ ನನ್ನ ಬದಲು ನೀನು ಸಹಿ ಹಾಕಬಹುದು. ತೋಟ ಮಾರುವ, ಅಡವಿಡುವ ಅಧಿಕಾರ ಮಾತ್ರ ಬರೆಸುವುದಿಲ್ಲ. ಬೇಸರ ಮಾಡಿಕೊಳ್ಳಬೇಡ. ನಮ್ಮ ಸೊಪ್ಪಿನ ಬೆಟ್ಟ ಇದೆಯಲ್ಲ, ಹಾಗೆ: ತೋಟಕ್ಕೆ ಸೊಪ್ಪು ಕೊಯ್ಯಬಹುದು, ದರಕು (ಒಣ ಎಲೆ) ಗುಡಿಸಬಹುದು, ಬೆಟ್ಟ ಮಾತ್ರ ಸರ್ಕಾರದ್ದು, ನಮ್ಮದಲ್ಲ. ಜಿಪಿಎ ಮೇಲೆ ಜಾಗ ಕೊಂಡೆವೆಂದು ನಂಬಿಕೊಂಡವರಿಗೆ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತು, ಅದರಿಂದ ಒಡೆತನ ಬರುವುದಿಲ್ಲ ಎಂದು. ಮತ್ತೆ, ನೀನು ನನಗೆ ಲೆಕ್ಕ ಒಪ್ಪಿಸಬೇಕು. ನಗಬೇಡ, ಕಾಯ್ದೆಯಲ್ಲೇ ಇದೆ.

ನಾನು ಹೋದ ಮೇಲೆ ಆ ಪತ್ರ ಹಿಡಿದು ಎಲ್ಲಿಗೂ ಹೋಗಬೇಡ. ಅಲ್ಲಿಂದ ಮುಂದೆ ನಡೆಯುವುದು ಮೃತ್ಯುಪತ್ರ, ಅಂದರೆ ಉಯಿಲು. ಅದನ್ನು ಬರೆದಾಯಿತು, ನನ್ನೆದುರು ಇಬ್ಬರು ಸಾಕ್ಷಿ ಸಹಿಯೂ ಆಯಿತು. ನೋಂದಣಿ ಕಡ್ಡಾಯವಲ್ಲವಂತೆ, ಆದರೂ ಮಾಡಿಸುತ್ತೇನೆ, ನಾಳೆ ಸಹಿ ಆಯಿಯದ್ದು ಹೌದೋ ಅಲ್ಲವೋ ಎಂದು ನೀನೂ ತಮ್ಮನೂ ಕಿತ್ತಾಡುವುದು ಬೇಡ. ಒಳಗೇನಿದೆ ಎಂದು ಕೇಳಬೇಡ.

ನಡೆಯಲಾಗದವರಿದ್ದರೆ ಸಬ್ ರಿಜಿಸ್ಟ್ರಾರರೇ ಮನೆಗೆ ಬರಬಹುದಂತೆ. ನಾನಿನ್ನೂ ಅಷ್ಟು ಮುದುಕಿಯಾಗಿಲ್ಲ, ಬಸ್ಸಿನಲ್ಲೇ ಹೋಗೋಣ. ಕೊಯ್ಲು ಮುಗಿದ ವಾರ ರಜೆ ಹಾಕಿ ಬಾ. ಆಧಾರ್ ಕಾರ್ಡೂ ಎರಡು ಫೋಟೋವೂ ತಾ. ತಮ್ಮನಿಗೂ ನಾನು ಬರೆದ ಈ ಕಾಗದದ ನಕಲು ಕಳಿಸಿದ್ದೇನೆ. ನೀವಿಬ್ಬರೂ ಮಾತಾಡಿ ಮೂರು ವಾರವಾಯಿತಂತೆ, ಅವನಿಗೊಂದು ಫೋನ್ ಮಾಡು.

ನಿನ್ನ
ಆಯಿ