ಹಾಕ್ಕೊಂಡು ಬಂದ ಶರ್ಟು ಚಿಕ್ಕದಾಗೋವರೆಗೂ ಕಾಯಿಸಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ವಾಚಕರ ಪುಟದಲ್ಲಿ ಒಬ್ರು ಬರೆದಿದ್ರು, ಹುಡುಗ್ರು ತಪ್ಪು ಮಾಡಿದಾಗ ವಯಸ್ಸು ನೋಡ್ಕೊಂಡು ಬಿಟ್ಟಿದ್ದು ಸಾಕು, ದೊಡ್ಡವರಿಗೆ ಕೊಡೋ ಶಿಕ್ಷೆನೇ ಕೊಡಿ, ನಾಲ್ಕು ಜನ ಒಳಗೆ ಹೋದ್ರೆ ಉಳಿದೋರಿಗೆ ತಾನಾಗೇ ಬುದ್ಧಿ ಬರುತ್ತೆ ಅಂತ. ಅವರ ಸಿಟ್ಟು ಸುಳ್ಳಲ್ಲ ಬಿಡಿ, ನಾನೂ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು, ಎರಡು ಬಿಟ್ರೆ ಸರಿಹೋಗ್ತಾನೆ ಅಂತ ನಂಬಿದ್ದ ಕಾಲ ನಂಗೂ ಇತ್ತು. ಆದ್ರೆ ರಿಟೈರ್ ಆದ್ಮೇಲೆ ಆರು ವರ್ಷ, ಶನಿವಾರ ಶನಿವಾರ, ಕೇಸ್ ನಡೀತಿರೋ ಹುಡುಗರನ್ನ ಇಡೋ ಒಂದು ಹೋಮ್‌ಗೆ ಹೋಗಿ ಲೆಕ್ಕ ಹೇಳ್ಕೊಟ್ಟೆ, ಅಲ್ಲಿ ಕಂಡಿದ್ದು ನೋಡಿದ್ಮೇಲೆ ಶಿಕ್ಷೆ ಜಾಸ್ತಿಯೋ ಕಮ್ಮಿಯೋ ಅನ್ನೋ ಜಗಳವೇ ಬೇರೆ ಎಲ್ಲೋ ನಡೀತಿದೆ ಅನ್ಸೋಕೆ ಶುರುವಾಯ್ತು.

ಒಂದು ದಿನದ ವಿಷಯ ಹೇಳ್ತೀನಿ. ಹದಿನಾಲ್ಕೋ ಹದಿನೈದೋ ವಯಸ್ಸಿನ ಹುಡುಗ, ಅವತ್ತು ಅವನಿಗೆ ಬಿಡುಗಡೆ. ಬಂದಾಗ ಹಾಕ್ಕೊಂಡಿದ್ದ ಬಟ್ಟೆನ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಕಟ್ಟಿ ನಂಬರ್ ಚೀಟಿ ಹಚ್ಚಿ ಇಟ್ಟಿರ್ತಾರೆ, ಅದನ್ನ ತಂದು ಕೈಗೆ ಕೊಟ್ರು. ಶರ್ಟ್ ಹಾಕ್ಕೊಂಡ, ಗುಂಡಿ ಸೇರ್ತಿಲ್ಲ. ತೋಳು ಮೊಣಕೈ ಹತ್ರ ನಿಂತಿದೆ. ಅವನೇ ನಗಾಡಿದ, "ಸರ್, ಶರ್ಟ್ ಕುಗ್ಗೋಗಿದೆ" ಅಂದ. ಶರ್ಟ್ ಎಲ್ಲಿ ಕುಗ್ಗುತ್ತೆ, ಹನ್ನೊಂದು ತಿಂಗಳಲ್ಲಿ ಹುಡುಗ ಬೆಳೆದಿದ್ದ. ಕೊನೆಗೆ ಇನ್ನೊಬ್ಬ ಹುಡುಗನ ಟೀ ಶರ್ಟ್ ಹಾಕಿಸಿ ಕಳಿಸಿದ್ರು. ಅವನ ಮೇಲಿದ್ದ ಆರೋಪ ಒಂದು ಮೊಬೈಲ್ ಕದ್ದಿದ್ದು, ಅದೂ ಸಾಬೀತಾಗಲಿಲ್ಲ, ಸಾಕ್ಷಿ ಹೇಳಬೇಕಾದವ್ರು ಬರಲೇ ಇಲ್ಲ.

ಆ ಹನ್ನೊಂದು ತಿಂಗಳು ಯಾರ ಲೆಕ್ಕಕ್ಕೆ ಬಂತು? ನಮಗೆ ಐವತ್ತು ಅರವತ್ತು ದಾಟಿದೋರಿಗೆ ಒಂದು ವರ್ಷ ಅಂದ್ರೆ ಹಬ್ಬ ಬಂತು ಹೋಯ್ತು ಅನ್ನೋ ಹಾಗೆ, ಆ ವಯಸ್ಸಲ್ಲಿ ಒಂದು ವರ್ಷದಲ್ಲಿ ಗಂಟಲು ಒಡೆಯುತ್ತೆ, ಕ್ಲಾಸ್‌ನವರು ಮುಂದಕ್ಕೆ ಹೋಗ್ತಾರೆ, ಜೊತೆಗಿದ್ದ ಒಳ್ಳೆ ಫ್ರೆಂಡ್ಸ್ ಮರೀತಾರೆ, ಒಳಗೆ ಸಿಕ್ಕ ಹೊಸ ಫ್ರೆಂಡ್ಸ್ ಮಾತ್ರ ಮರೆಯಲ್ಲ. ಅಮೆರಿಕದ ಕಲೀಫ್ ಬ್ರೌಡರ್ ಕಥೆ ಕೆಲವರಿಗೆ ಗೊತ್ತಿರಬಹುದು, 2010ರಲ್ಲಿ 16 ವರ್ಷದ ಹುಡುಗ, ಒಂದು ಬ್ಯಾಗ್ ಕದ್ದ ಅನ್ನೋ ಆರೋಪ, ಜಾಮೀನಿನ ದುಡ್ಡು ಕಟ್ಟೋಕೆ ಮನೆಯವರ ಕೈಲಿ ಆಗ್ಲಿಲ್ಲ, ನ್ಯೂಯಾರ್ಕ್‌ನ ರೈಕರ್ಸ್ ಐಲ್ಯಾಂಡ್ ಜೈಲಲ್ಲಿ ಸುಮಾರು ಮೂರು ವರ್ಷ ಇದ್ದ, ಅದರಲ್ಲಿ ಬಹುಪಾಲು ಒಂಟಿ ಸೆಲ್‌ನಲ್ಲಿ. ಟ್ರಯಲ್ ನಡೀಲೇ ಇಲ್ಲ, 2013ರಲ್ಲಿ ಕೇಸ್ ಕೈಬಿಟ್ರು. 2015ರಲ್ಲಿ ಹುಡುಗ ಪ್ರಾಣ ಕಳ್ಕೊಂಡ. ಹದಿನಾರು ಹದಿನೇಳರವರನ್ನೂ ದೊಡ್ಡವರ ಕೋರ್ಟಿಗೆ ನೇರವಾಗಿ ಕಳಿಸೋ ಪದ್ಧತಿನ ನ್ಯೂಯಾರ್ಕ್ ಬದಲಾಯಿಸಿದ್ದು 2017ರ ಕಾನೂನಲ್ಲಿ, ಅಂದ್ರೆ ಅವನು ಹೋಗಿ ಎರಡು ವರ್ಷ ಆದ್ಮೇಲೆ.

ಹಾಗಂತ ಕಾನೂನು ಪುಸ್ತಕದಲ್ಲಿ ಏನೂ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಮಕ್ಕಳಿಗೇ ಅಂತ ಬೇರೆ ಕೋರ್ಟು ಶಿಕಾಗೋದಲ್ಲಿ ಶುರುವಾಗಿದ್ದು 1899ರಲ್ಲಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವನ್ನ ಬಂಧನದಲ್ಲಿಡೋದು ಕಟ್ಟಕಡೆಯ ದಾರಿ ಆಗಿರಬೇಕು, ಇಟ್ರೂ ಎಷ್ಟು ಕಮ್ಮಿ ಸಾಧ್ಯವೋ ಅಷ್ಟು ಕಾಲ ಅಂತ ಸ್ಪಷ್ಟವಾಗಿ ಹೇಳುತ್ತೆ. ಭಾರತದ 2015ರ ಬಾಲ ನ್ಯಾಯ ಕಾಯ್ದೆಯಲ್ಲಿ, ಮಕ್ಕಳ ಕೇಸು ಕೇಳೋ ಬಾಲ ನ್ಯಾಯ ಮಂಡಳಿ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದ 4 ತಿಂಗಳಲ್ಲಿ ವಿಚಾರಣೆ ಮುಗಿಸಬೇಕು, ತೀರಾ ಬೇಕಾದ್ರೆ ಇನ್ನೆರಡು ತಿಂಗಳು, ಚಿಕ್ಕಪುಟ್ಟ ಅಪರಾಧ ಆಗಿದ್ದು ಅಷ್ಟರಲ್ಲೂ ಮುಗೀದಿದ್ರೆ ಕೇಸನ್ನೇ ಮುಚ್ಚಬೇಕು ಅಂತಿದೆ. ಓದೋಕೆ ಚೆನ್ನಾಗಿದೆ. ಜಗತ್ತಿನ ಯಾವ ದೇಶದ ಪುಸ್ತಕ ತೆಗೆದ್ರೂ ಹೆಚ್ಚುಕಮ್ಮಿ ಹೀಗೇ ಚೆನ್ನಾಗಿರುತ್ತೆ, ಆಮೇಲೆ ಜಡ್ಜ್ ರಜೆ, ಪೊಲೀಸ್ ಬಂದೋಬಸ್ತ್ ಡ್ಯೂಟಿ, ಲಾಯರ್ ಬೇರೆ ಕೋರ್ಟಲ್ಲಿ, ಫೈಲ್ ಇನ್ನೂ ಬಂದಿಲ್ಲ, ಮುಂದಿನ ತಾರೀಕು.

ಇನ್ನೊಂದು ವಿಷಯ, ಇದನ್ನ ಯಾರೂ ಜಾಸ್ತಿ ಮಾತಾಡಲ್ಲ. ಈ ಹುಡುಗರಲ್ಲಿ ತುಂಬಾ ಜನಕ್ಕೆ ಅಲ್ಲಿ ಏನು ನಡೀತಿದೆ ಅಂತಲೇ ಗೊತ್ತಾಗಲ್ಲ. ಒಬ್ಬ ಹುಡುಗ ಕೋರ್ಟಿಂದ ಬಂದ, ಏನಂದ್ರೋ ಅಂದೆ, "ಅರ್ಥ ಆಯ್ತಾ ಅಂತ ಕೇಳಿದ್ರು ಸರ್, ಹೂಂ ಅಂದೆ" ಅಂದ. ಏನು ಅರ್ಥ ಆಯ್ತು ಅಂದ್ರೆ ಸುಮ್ನೆ ನಿಂತ. ಜಾಮೀನು ಅಂದ್ರೆ ಶಿಕ್ಷೆ ಅಂತ ತಿಳ್ಕೊಂಡಿದ್ದ, ಜಾಮೀನು ಸಿಕ್ಕಿದೆ ಅಂತ ಗೊತ್ತಾದ್ಮೇಲೆ ರಾತ್ರಿಯೆಲ್ಲಾ ಅತ್ತಿದ್ದನಂತೆ. ಇದು ಅವನೊಬ್ಬನ ದಡ್ಡತನ ಅಲ್ಲ. ಆಸ್ಟ್ರೇಲಿಯಾದಲ್ಲಿ ಪಮೇಲಾ ಸ್ನೋ ಅನ್ನೋ ಸಂಶೋಧಕಿ ಇಂಥ ಹುಡುಗರ ಭಾಷಾ ಸಾಮರ್ಥ್ಯನ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ, ಸುಮಾರು ಅರ್ಧದಷ್ಟು ಹುಡುಗರಿಗೆ ಕೇಳಿದ ಮಾತನ್ನ ಹಿಡಿಯೋದು, ಆಗಿದ್ದನ್ನ ಸಾಲಾಗಿ ಜೋಡಿಸಿ ಹೇಳೋದು ಕಷ್ಟ ಅಂತ ಕಂಡುಬಂದಿದೆ. ಅಂಥ ಹುಡುಗ ತಲೆ ತಗ್ಗಿಸಿ "ಗೊತ್ತಿಲ್ಲ" ಅಂದ್ರೆ ಎದುರಿಗೆ ಕೂತೋರು ಕೊಬ್ಬು ನೋಡು, ಒಂಚೂರೂ ಪಶ್ಚಾತ್ತಾಪ ಇಲ್ಲ ಅಂತ ಬರ್ಕೊಳ್ತಾರೆ. ನಾನೂ ಕ್ಲಾಸಲ್ಲಿ ಹಾಗೆ ಎಷ್ಟು ಹುಡುಗರನ್ನ ಬೈದಿದ್ದೀನೋ, ಈಗ ನೆನೆಸ್ಕೊಂಡ್ರೆ ಒಂಥರಾ ಆಗುತ್ತೆ. ನ್ಯೂಜಿಲೆಂಡ್‌ನ ಯೂತ್ ಕೋರ್ಟ್‌ಗಳಲ್ಲಿ ಇದಕ್ಕೇ ಅಂತ ಒಬ್ಬರನ್ನ ಪಕ್ಕದಲ್ಲಿ ಕೂರಿಸೋ ವ್ಯವಸ್ಥೆ ಇದೆ, ಲಾಯರ್ ಅಲ್ಲ, ಕೋರ್ಟ್ ಭಾಷೆನ ಹುಡುಗನಿಗೆ ಬಿಡಿಸಿ ಹೇಳೋಕೆ, ಹುಡುಗನ ಮಾತನ್ನ ಕೋರ್ಟಿಗೆ ತಲುಪಿಸೋಕೆ. ಅದಕ್ಕೇನು ಕೋಟಿಗಟ್ಟಲೆ ಕಟ್ಟಡ ಬೇಕಾ?

ಹೆದರಿಸಿದ್ರೆ ಸರಿಹೋಗ್ತಾರೆ ಅನ್ನೋರಿಗೆ ಒಂದು ಮಾತು. ಇದನ್ನ ಮಾಡಿ ನೋಡಿ ಆಗಿದೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿಗೆ ದಾರಿತಪ್ಪಿದ ಹುಡುಗರನ್ನ ಕರ್ಕೊಂಡು ಹೋಗಿ ಜೀವಾವಧಿ ಕೈದಿಗಳ ಕೈಲಿ ಮುಖದ ಮೇಲೆ ಕಿರುಚಿಸಿ ಬೈಸಿ ಹೆದರಿಸೋರು, ಜನ ಚಪ್ಪಾಳೆ ಹೊಡೆದ್ರು, ಬೇರೆ ಕಡೆಗಳಲ್ಲೂ ಶುರುವಾಯ್ತು. ಆಮೇಲೆ ಇಂಥ ಕಾರ್ಯಕ್ರಮಗಳ ಪ್ರಯೋಗಗಳನ್ನೆಲ್ಲಾ ಒಟ್ಟಿಗೆ ಇಟ್ಟು ಆಂಥನಿ ಪೆಟ್ರೊಸಿನೊ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಯವರು ಪರಿಶೀಲಿಸಿದಾಗ ಹಾಗೆ ಹೆದರಿಸಿದ ಹುಡುಗರು, ಏನೂ ಮಾಡದೆ ಸುಮ್ನೆ ಬಿಟ್ಟ ಹುಡುಗರಿಗಿಂತ ಜಾಸ್ತಿ ತಪ್ಪು ಮಾಡಿದ್ರು. ಸುಮ್ನೆ ಬಿಟ್ಟಿದ್ರೇ ವಾಸಿ ಇತ್ತು! ದೊಡ್ಡವರ ಕೋರ್ಟಿಗೆ ಕಳಿಸೋದರ ಬಗ್ಗೆಯೂ ಅಷ್ಟೇ, ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಪ್ರಕಟಿಸಿದ 2007ರ ವರದಿಯಲ್ಲಿ ಹಾಗೆ ಕಳಿಸಿದ ಹುಡುಗರು ಆಮೇಲೆ ಹಿಂಸೆಯ ಅಪರಾಧಗಳಲ್ಲಿ ಜಾಸ್ತಿನೇ ಸಿಕ್ಕಿಬಿದ್ರು ಅಂತ ಬಂದಿದೆ.

ಯಾಕೆ ಹೀಗೆ ಅಂದ್ರೆ, ಹದಿಹರೆಯದಲ್ಲಿ ತಪ್ಪು ಮಾಡೋರಲ್ಲಿ ಹೆಚ್ಚಿನವರು ಇಪ್ಪತ್ತರ ಆಚೆ ಈಚೆ ತಾವಾಗೇ ನಿಲ್ಲಿಸ್ತಾರೆ, ಜೀವನಪೂರ್ತಿ ಅದೇ ದಾರಿ ಹಿಡಿಯೋರು ಸಣ್ಣ ಗುಂಪು ಅಂತ ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ 1993ರಲ್ಲೇ ಬರೆದಿದ್ದಾರೆ. ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನ ವರ್ಷಾನುಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನದಲ್ಲಿ ಒಂದೇ ಥರ ತಪ್ಪು ಮಾಡಿದ ಹುಡುಗರಲ್ಲೂ ಯಾರು ಈ ಪೊಲೀಸು, ಕೋರ್ಟು ವ್ಯವಸ್ಥೆ ಒಳಗೆ ಆಳವಾಗಿ ಹೋದರೋ ಅವರಿಗೇ ಹೊರಗೆ ಬರೋಕೆ ಕಷ್ಟ ಆಯ್ತು, ಪೊಲೀಸರ ಕಣ್ಣಿಗೆ ಒಂದ್ಸಲ ಬಿದ್ದವನೇ ಪದೇ ಪದೇ ಬೀಳ್ತಾ ಹೋದ. ತಾನಾಗೇ ಆರೋ ಗಾಯನ ಕೆರೆದು ಕೆರೆದು ಹುಣ್ಣು ಮಾಡೋ ಕೆಲಸ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2008ರ ಹೊತ್ತಿಗೆ ಸುಮಾರು 3,000 ಮಕ್ಕಳು ಬಂಧನದಲ್ಲಿದ್ರು, 2023ರ ಹೊತ್ತಿಗೆ ಅದು 500ಕ್ಕಿಂತ ಕೆಳಗಿಳಿದಿತ್ತು, ಅಷ್ಟೇ ಅಲ್ಲ ಮೊದಲ ಸಲ ವ್ಯವಸ್ಥೆಗೆ ಬಂದು ಸೇರೋ ಮಕ್ಕಳ ಸಂಖ್ಯೆನೂ ಜೊತೆಜೊತೆಗೇ ಇಳಿದಿದೆ. ಒಳಗೆ ಉಳಿದ ಮಕ್ಕಳ ಸ್ಥಿತಿ ಅಲ್ಲೂ ಚೆನ್ನಾಗೇನಿಲ್ಲ, ಅದನ್ನೂ ಹೇಳ್ಬೇಕು.

ನೊಂದವರ ಗತಿ ಏನು ಅಂತ ಕೇಳ್ತೀರಿ. ಕೇಳಲೇಬೇಕು. ಏಟು ತಿಂದವರಿಗೆ, ಕಳ್ಕೊಂಡವರಿಗೆ ಈಗಿರೋ ವ್ಯವಸ್ಥೆ ಏನು ಕೊಡುತ್ತೆ ಹೇಳಿ, ಅವರಿಗೂ ಅದೇ ತಾರೀಕು, ಅದೇ ಬೆಂಚು, ಕೊನೆಗೆ ಕೇಸ್ ಏನಾಯ್ತು ಅಂತ ಪೇಪರ್ ನೋಡಿ ತಿಳ್ಕೋಬೇಕು. ನ್ಯೂಜಿಲೆಂಡ್ 1989ರ ಕಾನೂನಲ್ಲಿ ಒಂದು ಪದ್ಧತಿ ತಂತು, ಹುಡುಗ, ಅವನ ಮನೆಯವರು, ಪೊಲೀಸು, ಒಪ್ಪಿದ್ರೆ ನೊಂದವರು, ಎಲ್ಲಾ ಒಂದು ಕೋಣೆಯಲ್ಲಿ ಕೂತು ಏನಾಯ್ತು, ಅದನ್ನ ಹೇಗೆ ಸರಿಮಾಡೋದು ಅಂತ ಮಾತಾಡ್ತಾರೆ, ಅಲ್ಲಿನ ಮೂಲನಿವಾಸಿ ಮಾವೊರಿ ಸಮುದಾಯದ ಕುಟುಂಬ ಪಂಚಾಯ್ತಿ ರೀತಿಯಿಂದ ಬಂದಿದ್ದು ಇದು. ಹುಡುಗನಿಗೆ ಜಡ್ಜ್ ಎದುರು ತಲೆ ತಗ್ಗಿಸಿ ನಿಲ್ಲೋದು ಸುಲಭ, ತಾನು ಪರ್ಸ್ ಕಿತ್ಕೊಂಡ ಹೆಂಗಸಿನ ಎದುರು ಕೂತು ಅವರು ಆಮೇಲೆ ಸಂಜೆ ಹೊತ್ತು ಒಬ್ರೇ ನಡೆಯೋದನ್ನೇ ಬಿಟ್ರು ಅಂತ ಕೇಳಿಸ್ಕೊಳ್ಳೋದು ಕಷ್ಟ. ಅದನ್ನ ಮೆತ್ತನೆ ದಾರಿ ಅಂತ ಯಾರಂದ್ರೂ ನಾನು ಒಪ್ಪಲ್ಲ. ಸ್ಕಾಟ್ಲೆಂಡ್‌ನಲ್ಲಿ 1971ರಿಂದ ಹೆಚ್ಚಿನ ಮಕ್ಕಳ ಕೇಸು ಕೋರ್ಟಿಗೇ ಹೋಗಲ್ಲ, ತರಬೇತಿ ಪಡೆದ ಮೂರು ಜನ ಸಾಮಾನ್ಯರು ಮೇಜಿನ ಸುತ್ತ ಕೂತು ಈ ಮಗುವಿಗೆ ಏನು ಬೇಕು ಅಂತ ನಿರ್ಧಾರ ಮಾಡ್ತಾರೆ.

ಕೊಲೆ, ಅತ್ಯಾಚಾರದಂಥ ಕೇಸಲ್ಲಿ ಏನು ಮಾಡ್ತೀರಿ ಅಂದ್ರೆ, ಕೆಲವರನ್ನ ಒಳಗೆ ಇಡಲೇಬೇಕಾಗುತ್ತೆ, ನಾನು ಇಲ್ಲ ಅನ್ನಲ್ಲ. ಆದ್ರೆ ಎಲ್ಲಿ, ಯಾರ ಜೊತೆ ಅನ್ನೋದು ಇದೆಯಲ್ಲ. ಅಮೆರಿಕದ ಮಿಸ್ಸೌರಿ ರಾಜ್ಯ ಬೂನ್‌ವಿಲ್‌ನಲ್ಲಿದ್ದ ದೊಡ್ಡ ಸುಧಾರಣಾ ಶಾಲೆನ 1983ರಲ್ಲಿ ಮುಚ್ಚಿ, ಹುಡುಗರನ್ನ ಸಣ್ಣ ಸಣ್ಣ ಗುಂಪು ಮಾಡಿ, ಮನೆಗೆ ಹತ್ತಿರ ಆಗೋ ಕಡೆ ಇಟ್ಟು, ಒಂದು ಗುಂಪಿಗೆ ಅದೇ ಸಿಬ್ಬಂದಿ ಇರೋ ಹಾಗೆ ಮಾಡಿತು, ಗಂಭೀರ ಅಪರಾಧ ಮಾಡಿದವರೂ ಅದರಲ್ಲಿದ್ರು.

ಈ "ಅದೇ ಸಿಬ್ಬಂದಿ" ಅನ್ನೋದನ್ನೇ ನಾನು ಹೇಳೋಕೆ ಹೊರಟಿದ್ದು. ನಾನು ನೋಡಿದ ಆರು ವರ್ಷದಲ್ಲಿ ಒಬ್ಬ ಹುಡುಗನ ಕಥೆನ ಸ್ಟೇಷನ್‌ನಲ್ಲಿ ಒಬ್ರು ಬರ್ಕೊಂಡ್ರು, ಕೋರ್ಟಲ್ಲಿ ಇನ್ನೊಬ್ರು, ಹೋಮ್‌ನಲ್ಲಿ ಮತ್ತೊಬ್ರು, ಕೌನ್ಸೆಲರ್ ಮೂರು ತಿಂಗಳಿಗೊಮ್ಮೆ ಬದಲು, ಬಿಡುಗಡೆ ಆದ್ಮೇಲೆ ನೋಡ್ಕೊಳ್ಳೋ ಅಧಿಕಾರಿ ಕೈಲಿ ನೂರಾರು ಫೈಲು. ಪ್ರತಿ ಸಲ ಹುಡುಗ ಮೊದಲಿಂದ ಹೇಳ್ಬೇಕು, ಅಪ್ಪ ಎಲ್ಲಿ, ಸ್ಕೂಲ್ ಯಾಕೆ ಬಿಟ್ಟೆ, ಯಾರು ಹೊಡೀತಿದ್ರು. ನಾಲ್ಕನೇ ಸಲಕ್ಕೆ ಅವನಿಗೂ ಬೇಜಾರಾಗಿ ಬಾಯಿಗೆ ಬಂದಿದ್ದು ಹೇಳ್ತಾನೆ. ಹಿಡಿದ ಮೊದಲ ದಿನದಿಂದ ಹಿಡಿದು, ಹೊರಗೆ ಬಂದು ಕನಿಷ್ಠ ಎರಡು ವರ್ಷದವರೆಗೂ ಒಬ್ಬ ಹುಡುಗನಿಗೆ ಒಬ್ರೇ ಗುರುತಿನ ಮನುಷ್ಯ ಇರ್ಲಿ, ಸಂಬಳ ಕೊಟ್ಟು ಇಡಿ, ಹದಿನೈದು ಇಪ್ಪತ್ತು ಹುಡುಗರಿಗಿಂತ ಜಾಸ್ತಿ ಕೊಡಬೇಡಿ, ತಾರೀಕು ಮುಂದಕ್ಕೆ ಹೋದ್ರೆ ಯಾಕೆ ಅಂತ ಕೋರ್ಟಲ್ಲಿ ಎದ್ದು ನಿಂತು ಕೇಳೋ ಹಕ್ಕು ಅವರಿಗೆ ಕೊಡಿ. ಹೊಸ ಕಟ್ಟಡ, ಹೊಸ ಕಾಯ್ದೆ, ಹೊಸ ಹೆಸರು ಎಲ್ಲಾ ಆಮೇಲೆ ನೋಡೋಣ.

ನಿಮ್ಮ ಪೇಪರ್‌ನವರಿಗೂ ಒಂದು ಹೇಳ್ಬೇಕಿತ್ತು, ಬೇಜಾರು ಮಾಡ್ಕೋಬೇಡಿ. ಹುಡುಗನ ಹೆಸರು ಹಾಕಲ್ಲ ಸರಿ, ಆದ್ರೆ ಓದ್ತಿದ್ದ ಶಾಲೆ, ಇದ್ದ ಬೀದಿ, ಅಪ್ಪನ ಕೆಲಸ ಎಲ್ಲಾ ಹಾಕಿದ್ರೆ ಹೆಸರು ಬಿಟ್ಟು ಏನು ಪ್ರಯೋಜನ, ಓಣಿಗೆಲ್ಲಾ ಗೊತ್ತಾಗುತ್ತೆ.

ಹೋದ ವರ್ಷ ನಂಗೊಂದು ಫೋನ್ ಬಂತು. ಅದೇ ಶರ್ಟಿನ ಹುಡುಗ, ಈಗ ಇಪ್ಪತ್ತರ ಹತ್ರ, ದನಿ ಗುರುತೇ ಸಿಗಲಿಲ್ಲ. ಯಾವುದೋ ಟ್ರೈನಿಂಗ್‌ಗೆ ಅರ್ಜಿ ಹಾಕ್ತಿದ್ದೀನಿ ಸರ್, ಫಾರ್ಮ್‌ನಲ್ಲಿ ನಿಮ್ಮ ಮೇಲೆ ಯಾವತ್ತಾದ್ರೂ ಕೇಸ್ ಇತ್ತಾ ಅಂತ ಕೇಳಿದ್ದಾರೆ, ಏನು ಬರೀಲಿ ಅಂದ. ಕೇಳೋಕೆ ಅವನಿಗೆ ಬೇರೆ ಯಾರೂ ಇರಲಿಲ್ಲ, ಲೆಕ್ಕದ ಮೇಷ್ಟ್ರು ನಾನೊಬ್ಬ. ನಂಗೂ ಗೊತ್ತಿರಲಿಲ್ಲ, ಪರಿಚಯದ ಲಾಯರ್ ಒಬ್ರನ್ನ ಕೇಳಿ ಹೇಳ್ತೀನಿ ಕಣಪ್ಪಾ ಅಂದೆ. ಆ ಲಾಯರ್ ಊರಲ್ಲಿರಲಿಲ್ಲ, ನಂಗೂ ಒಂದೆರಡು ದಿನ ಮರ್ತೋಯ್ತು. ನಾನು ವಾಪಸ್ ಫೋನ್ ಮಾಡೋ ಹೊತ್ತಿಗೆ ಅರ್ಜಿ ಕೊಡೋ ಕೊನೇ ದಿನ ಮುಗಿದಿತ್ತು. "ಪರವಾಗಿಲ್ಲ ಬಿಡಿ ಸರ್" ಅಂದ.

ಇತಿ,
ನಿವೃತ್ತ ಗಣಿತ ಮೇಷ್ಟ್ರು